ಸುಟ್ಟ ಮರ ಯಾರದ್ದು?

ಮೊನ್ನೆ ಭಾನುವಾರ ಭಾವ ಬಂದಿದ್ರು. ಮೈಸೂರಲ್ಲಿ ನಾವು ಸೇರಿ ಕೊಂಡು ಬಾಡಿಗೆಗೆ ಕೊಟ್ಟಿರೋ ಎರಡು ಮನೆಗಳ ವಿಷಯ. "ಒಂದು ಪ್ರೈವೇಟ್ ಲಿಮಿಟೆಡ್ ಮಾಡಿ ಎರಡನ್ನೂ ಅದರ ಹೆಸರಿಗೆ ಹಾಕಿಬಿಡೋಣ ಕಣೋ. ಷೇರೆಲ್ಲ ನಮ್ಮದೇ ತಾನೆ, ಮನೆ ಎಲ್ಲಿಗೆ ಹೋಗುತ್ತೆ?" ಅಂದ್ರು. ನನಗೂ ಸರಿ ಅನ್ನಿಸ್ತು. ಎಂಜಿನಿಯರಿಂಗ್ ಓದಿದವನಿಗೆ ಕಂಪನಿ ಕಾನೂನು ಎಲ್ಲಿಂದ ಗೊತ್ತಾಗಬೇಕು ಹೇಳಿ? ರಾತ್ರಿ ಓದ್ತಾ ಕೂತೆ. ಉತ್ತರ ಸಿಕ್ಕಿದ್ದು ಐರ್ಲೆಂಡಿನಲ್ಲಿ!

ಅಲ್ಲಿನ ಟೈರೋನ್ ಕೌಂಟಿಯ ಕಿಲ್ಲಿಮೂನ್ ಎಸ್ಟೇಟು ಮೆಕೌರಾ ಅನ್ನುವವನದು. 1919ರ ಕೊನೆಯಲ್ಲಿ ಆತ ಎಸ್ಟೇಟಿನ ಮರವನ್ನೆಲ್ಲ, ಕಡಿದದ್ದು, ಇನ್ನೂ ನಿಂತದ್ದು ಎರಡನ್ನೂ, ಒಂದು ಕಂಪನಿಗೆ ಕೊಟ್ಟ. ಬದಲಿಗೆ ಸಿಕ್ಕಿದ್ದು 42,000 ಷೇರು. ಆತ ಮತ್ತು ಆತನ ಪರವಾಗಿ ಹೆಸರು ಕೊಟ್ಟವರನ್ನು ಬಿಟ್ಟರೆ ಬೇರೆ ಷೇರುದಾರರೇ ಇಲ್ಲ. ಕಂಪನಿಗೆ ಸಾಲ ಕೊಟ್ಟವನೂ ಮುಖ್ಯವಾಗಿ ಅವನೇ. ಮರಕ್ಕೆ ವಿಮೆ ಮಾತ್ರ ತನ್ನ ಸ್ವಂತ ಹೆಸರಲ್ಲಿ ಮಾಡಿಸಿದ. 1922ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಹೆಚ್ಚುಕಡಿಮೆ ಎಲ್ಲ ಸುಟ್ಟುಹೋಯಿತು.

ವಿಮೆಯವರು ಮೊದಲು ಮೋಸ ಅಂದರು, ಅದು ನಿಲ್ಲಲಿಲ್ಲ. ಆಮೇಲೆ ಅಂದಿದ್ದು ಇಷ್ಟೇ: ಸುಟ್ಟ ಮರ ನಿನ್ನದಲ್ಲವಲ್ಲ, ಕಂಪನಿಯದ್ದು. 1925ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೂಡ ಅದನ್ನೇ ಎತ್ತಿಹಿಡಿಯಿತು. ಬಿಡಿಗಾಸೂ ಸಿಗಲಿಲ್ಲ.

ತಮಾಷೆ ಅಂದ್ರೆ ಇದೇ ತತ್ವ 1897ರಲ್ಲಿ ಸಾಲೊಮನ್ ಅನ್ನೋ ಲಂಡನ್ನಿನ ಬೂಟು ವ್ಯಾಪಾರಿಯನ್ನು ಉಳಿಸಿತ್ತು. ಹೆಂಡತಿ, ಮಕ್ಕಳಿಗೆ ಒಂದೊಂದು ಷೇರು, ತನಗೆ 20,001. ಕಂಪನಿ ಮುಳುಗಿದಾಗ ಅದರ ಸಾಲ ಆತನ ತಲೆಗೆ ಬರಲಿಲ್ಲ. ಕಂಪನಿ ಬೇರೆ, ಆತ ಬೇರೆ. ಸಾಲ ನಿನ್ನದಲ್ಲ ಅಂದಮೇಲೆ ಆಸ್ತಿಯೂ ನಿನ್ನದಲ್ಲ!

ನಮ್ಮಲ್ಲೂ ಅಷ್ಟೇ. ಚಹಾ ಕಂಪನಿಗಳ ಆದಾಯದಲ್ಲಿ 60% ಕೃಷಿ ಆದಾಯ, ಹಾಗಾಗಿ ನನ್ನ ಡಿವಿಡೆಂಡಿಗೂ ಅಷ್ಟು ವಿನಾಯ್ತಿ ಕೊಡಿ ಅಂತ ಬಚಾ ಗುಜ್ದಾರ್ ಕೇಳಿದ್ದರು. ಕಂಪನಿಯ ಆಸ್ತಿಯಲ್ಲಿ ಷೇರುದಾರರಿಗೆ ಹಕ್ಕಿಲ್ಲ, ಲಾಭ ಹಂಚಿದಾಗ ಪಾಲು ಅಷ್ಟೇ ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಬೆಳಿಗ್ಗೆ ಫೋನ್ ಮಾಡಿದೆ. "ಭಾವ, ಒಂದು ಮನೆ ಅಕ್ಕನ ಒಡವೆ ಮಾರಿ ಕೊಂಡದ್ದು. ಅದು ಅಕ್ಕನ ಹೆಸರಲ್ಲೇ ಇರಲಿ. ಕಂಪನಿಗೆ ಹಾಕೋದು ಅಂದ್ರೆ ಮಾರಿದ ಹಾಗೇನೇ, ಸ್ಟಾಂಪ್ ಡ್ಯೂಟಿ ಬೇರೆ. ಮುಂದೆ ಸಾಲ ಮಾಡಿ ಮೂರನೆಯದು ಕೊಂಡರೆ ಅದಕ್ಕೆ ಬೇಕಾದ್ರೆ ಕಂಪನಿ ಮಾಡೋಣ," ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಮನೆ ಇನ್ಶೂರೆನ್ಸು ಯಾರ ಹೆಸರಲ್ಲಿದೆ ಕಣೋ?" ಅಂದ್ರು.

ಪಾಲಿಸಿ ಹುಡುಕ್ತಾ ಇದ್ದೀನಿ :)