ನಾಲ್ಕು, ಎರಡು, ಒಂದು

ಅಪ್ಪನ ಕಣ್ಣಿನ ರಿಪೋರ್ಟಿನಲ್ಲಿ 'ಸಿವಿಯರ್ ಎನ್‌ಪಿಡಿಆರ್' ಅಂತಿತ್ತು. "ಪೇಪರ್ ಸರಿಯಾಗೇ ಓದ್ತೀನಲ್ಲೋ, ಇದೆಂಥ ಸಿವಿಯರ್ರು?" ಅಂದರು. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಉತ್ತರ ಹುಡುಕುತ್ತಾ ಹಳೇ ಕಾಲಕ್ಕೆ ಹೋದೆ.

ಬದುಕಿರುವ ಮನುಷ್ಯನ ರೆಟಿನಾವನ್ನು ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದ್ದು 1851ರಲ್ಲಿ. ಸಕ್ಕರೆ ಕಾಯಿಲೆ ಅಲ್ಲಿ ಗುರುತು ಬಿಡುತ್ತೆ ಅಂತ ಕೆಲವೇ ವರ್ಷಗಳಲ್ಲಿ ಗೊತ್ತಾಯ್ತು. ಆದರೆ ಮುಂದಿನ ನೂರು ವರ್ಷ ಡಾಕ್ಟರುಗಳು ಹೆಚ್ಚೂಕಡಿಮೆ ಕೈಕಟ್ಟಿ ಕೂತಿದ್ದರು. 1950ರ ದಶಕದಲ್ಲಿ ಕಣ್ಣುಳಿಸೋಕೆ ಅಂತ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನೇ ತೆಗೆಯೋಕೆ ಶುರುಮಾಡಿದರು! ಮೇಯರ್-ಶ್ವಿಕರಾತ್ ಪ್ರಖರ ಬೆಳಕಿನಿಂದ ರೆಟಿನಾ ಸುಡುವ ದಾರಿ ತೋರಿಸಿದರು, ಆಮೇಲೆ ಲೇಸರ್ ಬಂತು. ಯಾವುದರಿಂದ ನಿಜಕ್ಕೂ ಪ್ರಯೋಜನ? ಹೇಳೋದು ಕಷ್ಟ. ಒಬ್ಬ ಡಾಕ್ಟರ್ 'ತೀವ್ರ' ಅಂದದ್ದು ಇನ್ನೊಬ್ಬರ ಕಣ್ಣಿಗೆ 'ಸಾಧಾರಣ'.

1968ರಲ್ಲಿ ಅಮೆರಿಕದ ವರ್ಜೀನಿಯಾದ ಏರ್ಲಿ ಹೌಸ್‌ನಲ್ಲಿ ತಜ್ಞರು ಸೇರಿದರು. ಅಲ್ಲಿಂದ ಹುಟ್ಟಿದ ಪದ್ಧತಿ ತೀರಾ ಸರಳ: ಕೆಲವು ಮಾದರಿ ಫೋಟೋ ಇಟ್ಟುಕೊಳ್ಳಿ, ರೋಗಿಯ ರೆಟಿನಾ ಫೋಟೋವನ್ನು ಪಕ್ಕದಲ್ಲಿಟ್ಟು ಹೋಲಿಸಿ. ಬಟ್ಟೆ ಅಂಗಡಿಯಲ್ಲಿ ಮ್ಯಾಚಿಂಗ್ ಬ್ಲೌಸ್ ಪೀಸ್ ಹುಡುಕಿದ ಹಾಗೆ.

ಅಳತೆ ಸಿಕ್ಕ ಮೇಲೆ ಪರೀಕ್ಷೆ ಸಾಧ್ಯವಾಯ್ತು. ಡಿಆರ್‌ಎಸ್ ಎಂಬ ಅಧ್ಯಯನದಲ್ಲಿ 1,700ಕ್ಕೂ ಹೆಚ್ಚು ರೋಗಿಗಳ ಒಂದು ಕಣ್ಣಿಗೆ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಹಾಗೇ ಬಿಟ್ಟರು. ತೀವ್ರ ದೃಷ್ಟಿನಷ್ಟ ಅರ್ಧಕ್ಕಿಂತ ಕಡಿಮೆಯಾಗುತ್ತಿದೆ ಅಂತ 1976ರಲ್ಲಿ ಖಚಿತವಾದಾಗ, ಬಿಟ್ಟ ಕಣ್ಣಿಗೂ ಚಿಕಿತ್ಸೆ ಕೊಡಲು ನಿಯಮ ಬದಲಿಸಿದರು. ಅಷ್ಟರೊಳಗೆ ಆ ಕಣ್ಣು ಕಳಕೊಂಡವರನ್ನು ನೆನೆದರೆ ನನಗೆ ಸಂಕಟವಾಗುತ್ತೆ.

ಅಪ್ಪನ ಪ್ರಶ್ನೆಗೆ ಉತ್ತರ ಇದ್ದದ್ದು ಮುಂದಿನ ಅಧ್ಯಯನದಲ್ಲಿ. 3,711 ಜನರ ಇಟಿಡಿಆರ್‌ಎಸ್‌ನಿಂದ ಬಂದದ್ದು 4-2-1 ಸೂತ್ರ. ರೆಟಿನಾವನ್ನು ನಾಲ್ಕು ಭಾಗ ಮಾಡಿ ನೋಡಬೇಕು. ನಾಲ್ಕರಲ್ಲೂ ವಿಪರೀತ ರಕ್ತದ ಕಲೆಗಳು, ಅಥವಾ ಎರಡರಲ್ಲಿ ಮಣಿ ಪೋಣಿಸಿದ ಹಾಗೆ ಉಬ್ಬಿದ ಅಭಿಧಮನಿ, ಅಥವಾ ಒಂದರಲ್ಲಿ ಎದ್ದು ಕಾಣುವಷ್ಟು ಅಡ್ಡಾದಿಡ್ಡಿ ಹಿಗ್ಗಿದ ಸಣ್ಣ ರಕ್ತನಾಳ. ಯಾವುದೇ ಒಂದಿದ್ದರೂ 'ಸಿವಿಯರ್'. ಗಮನಿಸಿ, ಇದರಲ್ಲಿ ಪೇಪರ್ ಓದೋಕೆ ಆಗುತ್ತಾ ಅನ್ನೋ ಮಾತೇ ಇಲ್ಲ. ಈ ಹಂತದ ಸುಮಾರು ಅರ್ಧದಷ್ಟು ಕಣ್ಣುಗಳಲ್ಲಿ ವರ್ಷದೊಳಗೆ ಹೊಸ, ಬಡಕಲು ರಕ್ತನಾಳ ಮೊಳೆಯುತ್ತವೆ. ಅವು ಒಡೆದರೆ ಪೇಪರಿನ ಕಥೆ ಬೇರೆ.

ಇಷ್ಟೂ ಹೇಳಿದೆ. "ನಂದು ನಾಲ್ಕೋ, ಎರಡೋ, ಒಂದೋ?" ಅಂದರು.

"ಎರಡು, ಅಪ್ಪಾ."

ಪೇಪರ್ ಮಡಿಸಿಟ್ಟು, ಮುಂದಿನ ಅಪಾಯಿಂಟ್‌ಮೆಂಟ್ ಯಾವತ್ತು ಅಂತ ಕೇಳಿದರು.