ಅಲ್ಯೂಮಿನಿಯಂ ಹೆತ್ತ ಪ್ಲಾಸ್ಟಿಕ್

ಬನ್ನಂಜೆಯ ಮನೆಗಳಲ್ಲಿ ಅಲ್ಯೂಮಿನಿಯಂ ಪಾತ್ರೆಯೂ ಉಂಟು, ಬಾವಿಕಟ್ಟೆಯಲ್ಲಿ ಪ್ಲಾಸ್ಟಿಕ್ ಹಗ್ಗವೂ ಉಂಟು. ಇವೆರಡಕ್ಕೂ ನಂಟಿದೆ ಎಂದರೆ ವಿದ್ಯಾರ್ಥಿಗಳಿಗೆ ಅಚ್ಚರಿಯಾದೀತು.

1859ರಲ್ಲಿ ಹಾಲ್‌ವಾಕ್ಸ್ ಮತ್ತು ಶಾಫಾರಿಕ್ ಎಂಬ ರಸಾಯನ ವಿಜ್ಞಾನಿಗಳು ಅಲ್ಯೂಮಿನಿಯಂ ಲೋಹವನ್ನು ಈಥೈಲ್ ಅಯೊಡೈಡಿನೊಡನೆ ಕಾಯಿಸಿದರು. ಲೋಹದ ಎರಡು ಪರಮಾಣುಗಳು ಅಯೊಡೈಡಿನ ಮೂರು ಅಣುಗಳೊಡನೆ ವರ್ತಿಸಿ ಹೊಸ ದ್ರವವೊಂದು ದೊರೆಯಿತು. ಅದರಲ್ಲಿ ಅಲ್ಯೂಮಿನಿಯಂ ನೇರವಾಗಿ ಇಂಗಾಲಕ್ಕೆ ಬಂಧಿತವಾಗಿತ್ತು. ಇಂಥವೇ ಆರ್ಗನೋಅಲ್ಯೂಮಿನಿಯಂ ಸಂಯುಕ್ತಗಳು. ಇವುಗಳಲ್ಲಿ ಹಲವು ಗಾಳಿ ತಾಗಿದೊಡನೆ ಹೊತ್ತಿಕೊಳ್ಳುತ್ತವೆ, ನೀರಿನೊಡನೆ ಉಗ್ರವಾಗಿ ವರ್ತಿಸುತ್ತವೆ. ಆದ್ದರಿಂದ ಬಹುಕಾಲ ಇವು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿದವು.

1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಇಂಥ ಸಂಯುಕ್ತವನ್ನು ಟೈಟಾನಿಯಂ ಕ್ಲೋರೈಡಿನೊಡನೆ ಬೆರೆಸಿದಾಗ, ಈಥಿಲೀನ್ ಅನಿಲವು ಸಾಮಾನ್ಯ ಒತ್ತಡದಲ್ಲೇ ಪಾಲಿಥೀನ್ ಆಯಿತು. ಮರುವರ್ಷ ಇಟಲಿಯ ನಾಟ್ಟಾ ಇದೇ ಬಗೆಯ ಕ್ರಿಯಾವರ್ಧಕದಿಂದ ಪಾಲಿಪ್ರೊಪಿಲೀನ್ ತಯಾರಿಸಿದರು. 1963ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಸಂದಿತು. ಮಂಗಳೂರಿನ ಎಂ.ಆರ್.ಪಿ.ಎಲ್.ನಲ್ಲಿಯೂ 2015ರಲ್ಲಿ ಪಾಲಿಪ್ರೊಪಿಲೀನ್ ಘಟಕ ಆರಂಭವಾಯಿತು.

ಹ್ಯಾಲೈಡುಗಳಿಲ್ಲದೆ, ಅಲ್ಯೂಮಿನಿಯಂ, ಹೈಡ್ರೋಜನ್ ಮತ್ತು ಈಥಿಲೀನ್‌ಗಳಿಂದಲೇ ಈ ಸಂಯುಕ್ತ ತಯಾರಿಸುವ ದಾರಿಯನ್ನೂ ಝೀಗ್ಲರ್ ತೋರಿದರು. ಆದರೂ ಹಳೆಯ ದಾರಿ ಮುಚ್ಚಿಲ್ಲ. ಅಯೊಡೈಡಿನ ಬದಲು ಅಗ್ಗದ ಈಥೈಲ್ ಕ್ಲೋರೈಡ್ ಬಳಸಿ ಕಾರ್ಖಾನೆಗಳು ಅದನ್ನೇ ಅನುಸರಿಸುತ್ತವೆ. ತಕ್ಷಣ ಫಲ ಕಾಣದ ಪ್ರಯೋಗವನ್ನು ವ್ಯರ್ಥವೆನ್ನುವ ಮೊದಲು ಈ 94 ವರ್ಷಗಳ ಕಾಯುವಿಕೆಯನ್ನು ನೆನೆಯಬೇಕು.