ಚಿನ್ನದ ಗಣಿಯಲ್ಲಿ ಬೆಳಕಿನ ಪಾಲು

ದೊಡ್ಡ ಕಚೇರಿ ಅಥವಾ ಅಂಗಡಿ ಸಂಕೀರ್ಣ ಕಟ್ಟುವವರು ಎಲ್ಲ ಕಡೆಗೂ ಒಂದೇ ಬಗೆಯ ದೀಪ ಹಾಕಿಸುವುದಿಲ್ಲ. ಬರೆಯುವ ಮೇಜಿಗೆ ಹೆಚ್ಚು ಬೆಳಕು, ಓಡಾಡುವ ಪಡಸಾಲೆಗೆ ಕಡಿಮೆ, ಮೆಟ್ಟಿಲಿಗೆ ಅಂಚು ಕಾಣುವಂಥ ಬೆಳಕು. ಕೆಲಸ ನೋಡಿ ದೀಪ ಎಂಬುದೇ ಇಲ್ಲಿನ ಸೂತ್ರ. ಕೋಲಾರದ ಚಿನ್ನದ ಗಣಿಗಳು ಈ ಲೆಕ್ಕವನ್ನು ಶತಮಾನದ ಹಿಂದೆಯೇ ಹಾಕಬೇಕಾಯಿತು.

ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ನಡೆಸುತ್ತಿದ್ದ ಈ ಗಣಿಗಳ ಯಂತ್ರಗಳು ಮೊದಲಿಗೆ ಓಡುತ್ತಿದ್ದುದು ಉಗಿಯ ಬಲದಿಂದ. ಅಂದು ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ಗಣಿಗಳಿಗೆ 1894ರಲ್ಲಿ ರೈಲು ಬಂತು. ಆದರೂ ದೂರದಿಂದ ಕಲ್ಲಿದ್ದಲು ತರಿಸುವ ಖರ್ಚು ತಪ್ಪಲಿಲ್ಲ. ಇದಕ್ಕೆ ಪರಿಹಾರವಾಗಿ ಕಾವೇರಿಯ ಶಿವನಸಮುದ್ರ ಜಲಪಾತದಲ್ಲಿ ವಿದ್ಯುತ್ ಉತ್ಪಾದಿಸುವ ಯೋಜನೆಯನ್ನು ದಿವಾನ್ ಶೇಷಾದ್ರಿ ಅಯ್ಯರ್ ಕೈಗೆತ್ತಿಕೊಂಡರು. ರೂಪುರೇಷೆ ಸಿದ್ಧಪಡಿಸಿದವರು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದಾಟಿ ವಿದ್ಯುತ್ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಈ ವಿದ್ಯುತ್ ಬಂದದ್ದು ಮುಖ್ಯವಾಗಿ ಯಂತ್ರಗಳಿಗಾಗಿ ಎಂಬುದನ್ನು ಗಮನಿಸಬೇಕು. ಅದರ ಆವರ್ತನ ಸೆಕೆಂಡಿಗೆ 25 ಮಾತ್ರ. ದೊಡ್ಡ ಮೋಟಾರುಗಳಿಗೆ ಅದು ಒಗ್ಗುತ್ತಿತ್ತು. ಆದರೆ ಅಷ್ಟು ಕಡಿಮೆ ಆವರ್ತನದಲ್ಲಿ ಬಲ್ಬಿನ ಬೆಳಕು ಕಣ್ಣಿಗೆ ಮಿನುಗಿದಂತೆ ಕಾಣುವುದುಂಟು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್‌ನಲ್ಲಿ.

ಗಣಿಯೊಳಗೆ ಬೆಳಕನ್ನು ಹಂಚುವುದು ಸುಲಭದ ಮಾತಲ್ಲ. ಅದಿರು ಕುಟ್ಟುವ ಗಿರಣಿ, ಇಳಿಬಾವಿಯ ಬಾಯಿ, ಆಳದಲ್ಲಿ ತೊಟ್ಟಿಲು ನಿಲ್ಲುವ ತಾಣ ಇವೆಲ್ಲ ಕದಲದ ಜಾಗಗಳು. ಅಲ್ಲಿ ತಂತಿ ಎಳೆದು ದೀಪ ಕಟ್ಟಬಹುದು. ಆದರೆ ಬಂಡೆ ಕೊರೆಯುವ ಜಾಗ ದಿನದಿನಕ್ಕೂ ಮುಂದೆ ಸರಿಯುತ್ತದೆ. ಮದ್ದು ಸಿಡಿಸಿದರೆ ಅಲ್ಲಿನ ದೀಪ, ತಂತಿ ಯಾವುದೂ ಉಳಿಯದು. ಹಾಗಾಗಿ ಅಲ್ಲಿ ಕಾರ್ಮಿಕ ತನ್ನ ಬೆಳಕನ್ನು ತಾನೇ ಹೊತ್ತು ನಡೆಯಬೇಕು. ಮೊದಲು ಮೇಣದ ಬತ್ತಿ, ಆಮೇಲೆ ನೀರು ತಾಗಿದರೆ ಉರಿಯುವ ಅನಿಲ ಕೊಡುವ ಕಾರ್ಬೈಡ್ ದೀಪ, ಕೊನೆಗೆ ಬ್ಯಾಟರಿಯ ಟೊಪ್ಪಿ ದೀಪ.

ಟೊಪ್ಪಿಯ ದೀಪ ತಲೆ ತಿರುಗಿದ ಕಡೆಗಷ್ಟೇ ಬೆಳಕು ಬೀರುತ್ತದೆ. ನೆತ್ತಿಯ ಮೇಲಿನ ಸಡಿಲ ಕಲ್ಲು ಕಾಣಬೇಕಾದರೆ ತಲೆ ಎತ್ತಲೇಬೇಕು. ಬಂಡೆ ತಾನಾಗಿ ಸಿಡಿಯುವ ಅಪಘಾತಗಳಿಗೆ ಕುಖ್ಯಾತವಾಗಿದ್ದ, 3 ಕಿಲೋಮೀಟರ್‌ಗೂ ಆಳಕ್ಕಿಳಿದ ಈ ಗಣಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಕು ಬೇಕಿದ್ದ ಜಾಗಕ್ಕೇ ಎಲ್ಲಕ್ಕಿಂತ ಕಡಿಮೆ ಬೆಳಕು ಸಿಕ್ಕಿತು. ಇದಕ್ಕೆ ಯಾರೊಬ್ಬರ ಅಲಕ್ಷ್ಯವಷ್ಟೇ ಕಾರಣವಲ್ಲ. ಕೆಲಸದ ಸ್ವರೂಪವೇ ಹಾಗಿತ್ತು.

2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಏಷ್ಯಾದ ವಿದ್ಯುತ್ ಚರಿತ್ರೆ ಹೇಳುವಾಗ ಕೆಜಿಎಫ್ ಹೆಸರು ಹೆಮ್ಮೆಯಿಂದ ಬರುತ್ತದೆ. ಆ ಹೆಮ್ಮೆಯ ಜೊತೆಗೆ, ಹಣೆಯ ಮೇಲಿನ ಒಂದು ಪುಟ್ಟ ದೀಪವನ್ನೇ ನಂಬಿ ಕೆಳಗಿಳಿದವರ ನೆನಪೂ ಸೇರಬೇಕು.